ಸ್ಯಾಂಡಿ ಬಡಿದ ಕರಾವಳಿ: ಬ್ರಿಗಂಟೀನಿನಿಂದ ಹೊಬೋಕನ್‌ವರೆಗೆ

2012ರ ಅಕ್ಟೋಬರ್ 29ರ ಸಂಜೆ ಏಳೂವರೆ ಹೊತ್ತಿಗೆ ಸ್ಯಾಂಡಿ ಚಂಡಮಾರುತ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬ್ರಿಗಂಟೀನ್ ಬಳಿ ನೆಲ ಮುಟ್ಟಿತು. ಆದರೆ ಅದು ಕೆಡವಿ ಹಾಕಿದ ಊರುಗಳನ್ನು ನೋಡಬೇಕಿದ್ದರೆ ಬ್ರಿಗಂಟೀನಿನಲ್ಲಿ ನಿಂತು ಪ್ರಯೋಜನವಿಲ್ಲ, ಉತ್ತರಕ್ಕೆ ನಡೆಯಬೇಕು. ಲೆಕ್ಕ ಉಬ್ಬರದ ಮಾಪಕಗಳಲ್ಲೇ ಇದೆ. ಆ ದಿನ ಮಾಮೂಲಿ ಉಬ್ಬರಕ್ಕಿಂತ ನೀರು ದಕ್ಷಿಣ ತುದಿಯ ಕೇಪ್ ಮೇಯಲ್ಲಿ 5.16 ಅಡಿ ಏರಿತು, ಅಟ್ಲಾಂಟಿಕ್ ಸಿಟಿಯಲ್ಲಿ 5.82 ಅಡಿ. ಉತ್ತರದ ಸ್ಯಾಂಡಿ ಹುಕ್‌ನಲ್ಲಿ 8.57 ಅಡಿ ತೋರಿಸಿದ ಮೇಲೆ ಮಾಪಕವೇ ಕೆಟ್ಟುಹೋಯಿತು. ನ್ಯೂಯಾರ್ಕ್ ಬಂದರಿನ ಬ್ಯಾಟರಿ ಎಂಬ ಜಾಗದಲ್ಲಿ 9.40 ಅಡಿ.

ಕಾರಣ ಕಷ್ಟದ್ದಲ್ಲ. ಉತ್ತರಾರ್ಧಗೋಳದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಸ್ಯಾಂಡಿ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿ ದಡಕ್ಕೆ ಬಂದದ್ದರಿಂದ ಅದರ ಬಲಗಡೆ, ಅಂದರೆ ಉತ್ತರಕ್ಕೆ, ಗಾಳಿ ಸಮುದ್ರದಿಂದ ನೆಲದತ್ತ ನೀರನ್ನು ನೂಕಿತು. ಎಡಗಡೆ ನೆಲದಿಂದ ಸಮುದ್ರದತ್ತ ಬೀಸಿತು. ಸಾಲದ್ದಕ್ಕೆ ನ್ಯೂಜೆರ್ಸಿಯ ದಡ ಮತ್ತು ಲಾಂಗ್ ಐಲ್ಯಾಂಡಿನ ದಡ ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರುವ ಮೂಲೆ ಅಲ್ಲಿದೆ. ಆ ಮೂಲೆಗೆ ತಳ್ಳಿದ ನೀರಿಗೆ ಬೇರೆ ದಾರಿ ಇರಲಿಲ್ಲ. ಅಂದು ಹುಣ್ಣಿಮೆಯೂ ಹೌದು, ಬಂದರಿನಲ್ಲಿ ಉಬ್ಬರ ತುಂಬುವ ಹೊತ್ತೂ ರಾತ್ರಿ ಒಂಬತ್ತರ ಸುಮಾರು. ನೆಲ ಮುಟ್ಟುವಾಗ ಗಾಳಿಯ ವೇಗ ಗಂಟೆಗೆ 80 ಮೈಲಿ ಮಾತ್ರ, ಅಂಥ ಭಯಂಕರವಲ್ಲ. ಆದರೆ ಬಿರುಗಾಳಿಯ ವ್ಯಾಸ 900 ಮೈಲಿಗೂ ಹೆಚ್ಚಿತ್ತು, ಕೇಂದ್ರದ ಒತ್ತಡ 945 ಮಿಲಿಬಾರಿಗೆ ಇಳಿದಿತ್ತು. ಸ್ಯಾಂಡಿಯ ಕತೆ ಗಾಳಿಯ ಕತೆಯಲ್ಲ, ನೀರು ಎಷ್ಟು ಎತ್ತರ ಬಂತು, ಮರಳು ಎಷ್ಟು ಎತ್ತರ ಇತ್ತು ಎಂಬ ಕತೆ. ಆರು ದಿನದ ಈ ದಾರಿಯನ್ನು ಆ ಕಣ್ಣಿನಿಂದಲೇ ನೋಡಬೇಕು.

ಹೋಗುವುದಾದರೆ ಸೆಪ್ಟೆಂಬರ್ ಕಳೆದ ಮೇಲೆ ಹೋಗಿ. ಬೇಸಿಗೆಯಲ್ಲಿ ಹೆಚ್ಚಿನ ಊರುಗಳ ಮರಳಿಗೆ ಕಾಲಿಡಲು ಬೀಚ್ ಬ್ಯಾಡ್ಜ್ ಕೊಳ್ಳಬೇಕು, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಟೋಲಿಗೆ ಈಝೀಪಾಸ್ ಇರಲಿ. ಎಲ್ಲೇ ಹೋದರೂ ಮರಳ ದಿಬ್ಬ ದಾಟಲು ಬೇಲಿ ಹಾಕಿದ ದಾರಿಯಲ್ಲೇ ನಡೆಯಿರಿ. ದಿಬ್ಬ ಹತ್ತಿದರೆ ದಂಡ ಬೀಳುತ್ತದೆ, ಅದಕ್ಕೆ ಕಾರಣ ಮುಂದೆ ಬರುತ್ತದೆ.

ಗುರುವಾರ: ಬ್ರಿಗಂಟೀನ್, ಅಟ್ಲಾಂಟಿಕ್ ಸಿಟಿ

ಬ್ರಿಗಂಟೀನ್ ದ್ವೀಪಕ್ಕೆ ಅಟ್ಲಾಂಟಿಕ್ ಸಿಟಿಯಿಂದ ಒಂದೇ ಸೇತುವೆ. ಆ ಸೇತುವೆ ಮುಚ್ಚಿತೆಂದರೆ ಒಳಗಿದ್ದವರು ಒಳಗೇ. ಇಲ್ಲಿ ಹಿನ್ನೀರಿನ ಕಡೆಯಿಂದ ನೀರು ನುಗ್ಗಿ ನೆಲಮಹಡಿಗಳು ಮುಳುಗಿದವು, ಆದರೆ ಮನೆಗಳು ಬುಡಸಮೇತ ಏಳಲಿಲ್ಲ.

ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ (ಕಡಲಂಚಿನ ಹಲಗೆ ಹಾದಿ) ಪೂರ್ತಿ ಕೊಚ್ಚಿಹೋಯಿತೆಂದು ಆ ದಿನ ಟಿ.ವಿ.ಯಲ್ಲಿ ಜಗತ್ತೆಲ್ಲ ನೋಡಿತು. ಚೂರಾದದ್ದು ಊರಿನ ಉತ್ತರ ತುದಿಯಲ್ಲಿ, ಅಳಿವೆಯ ಪಕ್ಕ ಮೊದಲೇ ಬಳಕೆ ತಪ್ಪಿದ್ದ ಒಂದು ತುಂಡು. ಕ್ಯಾಸಿನೋಗಳ ಮುಂದಿನ ಹಲಗೆ ಹಾದಿ ಎದುರಿನ ಮರಳ ದಿಬ್ಬದ ಹಿಂದೆ ಹಾಗೇ ಉಳಿದಿತ್ತು. ಆ ಚಿತ್ರ ಮಾತ್ರ ಇಂದಿಗೂ ಹೋಗಿಲ್ಲ. ಊರಿನ ಹೋಟೆಲಿನವರು ಅದನ್ನು ಅಳಿಸಲು ಜಾಹೀರಾತಿನ ಮೇಲೆ ಜಾಹೀರಾತು ಹಾಕಬೇಕಾಯಿತು.

ವಿಮೆಯ ಒಂದು ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ದಡ ಮುಟ್ಟುವ ಸ್ವಲ್ಪ ಮೊದಲು ಸ್ಯಾಂಡಿ ತಾಂತ್ರಿಕವಾಗಿ ಹರಿಕೇನ್ ಆಗಿ ಉಳಿದಿರಲಿಲ್ಲ. ತಣ್ಣನೆಯ ಗಾಳಿಯೊಂದಿಗೆ ಬೆರೆತು ಉಷ್ಣವಲಯದ ಲಕ್ಷಣ ಕಳೆದುಕೊಂಡಿತ್ತು. ಹೀಗಾಗುತ್ತದೆಂದು ಮೊದಲೇ ಗೊತ್ತಿದ್ದರಿಂದ ರಾಷ್ಟ್ರೀಯ ಹರಿಕೇನ್ ಕೇಂದ್ರ ಇಲ್ಲಿಗೆ ಹರಿಕೇನ್ ಎಚ್ಚರಿಕೆಯನ್ನೇ ಕೊಡಲಿಲ್ಲ. ಟೀಕೆ ಬಂದು 2013ರಲ್ಲಿ ಆ ನಿಯಮ ಬದಲಾಯಿತು. ಆದರೆ ಅದೇ ತಾಂತ್ರಿಕತೆ ಮನೆಯವರಿಗೆ ಲಾಭವಾಯಿತು. ಮನೆ ವಿಮೆಯಲ್ಲಿ ಹರಿಕೇನಿಗೆಂದೇ ಬೇರೆ ಕಡಿತ (ಮನೆಯವರೇ ಭರಿಸಬೇಕಾದ ಪಾಲು) ಇರುತ್ತದೆ, ಮನೆ ಬೆಲೆಯ ಶೇಕಡಾ ಲೆಕ್ಕದಲ್ಲಿ, ಸಾವಿರಾರು ಡಾಲರ್. ಬಂದದ್ದು ಹರಿಕೇನ್ ಅಲ್ಲವಾದ್ದರಿಂದ ಅದನ್ನು ಕಳೆಯಕೂಡದೆಂದು ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಆದೇಶಿಸಿದರು. ನೆರೆಯ ನೀರಿನ ನಷ್ಟ ಮಾತ್ರ ಆ ವಿಮೆಗೆ ಸೇರುವುದೇ ಇಲ್ಲ. ಅದಕ್ಕೆ ಕೇಂದ್ರ ಸರ್ಕಾರದ ನೆರೆ ವಿಮೆ ಬೇರೆ ಇರಬೇಕು. ಇಲ್ಲದವರು ಕೆಟ್ಟರು.

ಶುಕ್ರವಾರ: ಲಾಂಗ್ ಬೀಚ್ ಐಲ್ಯಾಂಡ್

ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ಮನಹಾಕಿನ್‌ಗೆ ಬಂದು, ರೂಟ್ 72ರ ಸೇತುವೆ ದಾಟಿದರೆ 18 ಮೈಲಿ ಉದ್ದದ ಸಪೂರ ದ್ವೀಪ. ಮರಳ ದಿಬ್ಬ ಏನು ಮಾಡುತ್ತದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಂದೇ ದ್ವೀಪ, ಒಂದೇ ರಾತ್ರಿ, ಒಂದೇ ಅಲೆ. ಫಲ ಮಾತ್ರ ಊರೂರಿಗೆ ಬೇರೆ.

ಸೈನ್ಯದ ಎಂಜಿನಿಯರಿಂಗ್ ದಳ ಈ ದ್ವೀಪಕ್ಕೆ ಹಾಕಿದ ನಕ್ಷೆ ಹೀಗಿದೆ: ಸಮುದ್ರಮಟ್ಟದಿಂದ 22 ಅಡಿ ಎತ್ತರದ ದಿಬ್ಬ, ನೆತ್ತಿಯ ಅಗಲ 30 ಅಡಿ, ಅದರ ಮುಂದೆ 125 ಅಡಿ ಅಗಲದ, 8 ಅಡಿ ಎತ್ತರದ ಮರಳಿನ ಜಗಲಿ. ಅಲೆಯ ಬಲ ಮೊದಲು ಜಗಲಿಯ ಮೇಲೆ ಮುರಿಯಬೇಕು, ಉಳಿದದ್ದನ್ನು ದಿಬ್ಬ ತಿನ್ನಬೇಕು. ದಿಬ್ಬ ಕರಗುವುದು ಸೋಲಲ್ಲ, ಅದರ ಕೆಲಸವೇ ಕರಗುವುದು. ಸ್ಯಾಂಡಿ ಬರುವ ಹೊತ್ತಿಗೆ ಸರ್ಫ್ ಸಿಟಿ, ಹಾರ್ವೀ ಸೀಡರ್ಸ್ ಮತ್ತು ಬ್ರಾಂಟ್ ಬೀಚಿನ ಒಂದು ಭಾಗದಲ್ಲಿ ಮಾತ್ರ ಇದು ಮುಗಿದಿತ್ತು. ಅಲ್ಲಿ ಸಮುದ್ರದ ಎದುರಿನ ಮನೆಗಳು ಉಳಿದವು. ದಕ್ಷಿಣದ ಹಾಲ್ಗೇಟಿನಲ್ಲಿ ಕೆಲಸ ಆಗಿರಲಿಲ್ಲ. ಅಲ್ಲಿ ನೀರು ರಸ್ತೆ ಹಾದು ಹಿನ್ನೀರಿಗೆ ಸೇರಿತು, ಮನೆಗಳು ವಾಲಿದವು, ಮರಳು ಬೀದಿಗಳನ್ನು ಹೂತುಹಾಕಿತು.

ಹಾಗಿದ್ದರೆ ಎಲ್ಲ ಕಡೆ ದಿಬ್ಬ ಯಾಕಿರಲಿಲ್ಲ? ದಿಬ್ಬ ಕಟ್ಟಬೇಕಾದ ಮರಳು ಬಹಳ ಕಡೆ ಖಾಸಗಿ ಜಾಗ. ಮಾಲೀಕರು ಅನುಮತಿಪತ್ರಕ್ಕೆ ಸಹಿ ಹಾಕಬೇಕು. ಹಾಕಿದರೆ ನೆಲಮಹಡಿಯಿಂದ ಕಾಣುವ ಸಮುದ್ರ ಮರೆಯಾಗುತ್ತದೆ. ಹಾರ್ವೀ ಸೀಡರ್ಸ್‌ನ ದಂಪತಿಯೊಂದು ನೋಟ ಹೋಯಿತೆಂದು ಕೋರ್ಟಿಗೆ ಹೋಯಿತು. ಜ್ಯೂರಿ 3,75,000 ಡಾಲರ್ ಪರಿಹಾರ ಕೊಟ್ಟಿತು. ಇಂಥ ನಾಲ್ಕು ತೀರ್ಪು ಬಂದರೆ ಯಾವ ಊರೂ ದಿಬ್ಬ ಕಟ್ಟುವಂತಿರಲಿಲ್ಲ. ಸ್ಯಾಂಡಿ ಆದಮೇಲೆ, 2013ರ ಜುಲೈನಲ್ಲಿ, ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ನೋಟದ ನಷ್ಟದ ಜೊತೆಗೆ ದಿಬ್ಬದಿಂದ ಮನೆಗೆ ಸಿಗುವ ರಕ್ಷಣೆಯ ಬೆಲೆಯನ್ನೂ ಲೆಕ್ಕ ಹಿಡಿಯಬೇಕೆಂದಿತು. ಕೇಸು ಕೊನೆಗೆ ಒಂದು ಡಾಲರಿಗೆ ರಾಜಿಯಾಯಿತು.

ಮರಳು ಬರುವುದು ಕಡಲ ತಳದಿಂದ. ಡ್ರೆಜರ್ ಎಂಬ ಹೂಳೆತ್ತುವ ಹಡಗು ಹೀರಿ, ಪೈಪಿನಲ್ಲಿ ನೀರಿನೊಂದಿಗೆ ದಡಕ್ಕೆ ತಳ್ಳುತ್ತದೆ. ಬುಲ್ಡೋಜರ್ ಆಕಾರ ಕೊಡುತ್ತದೆ. 2007ರಲ್ಲಿ ಸರ್ಫ್ ಸಿಟಿಯಲ್ಲಿ ಹೀಗೆ ಸುರಿದ ಮರಳಿನಲ್ಲಿ ಮೊದಲ ಮಹಾಯುದ್ಧ ಕಾಲದ ಮದ್ದುಗುಂಡಿನ ಫ್ಯೂಸುಗಳು ನೂರಾರು ಸಿಕ್ಕವು, ಯಾವುದೋ ಕಾಲದಲ್ಲಿ ಸಮುದ್ರಕ್ಕೆ ಎಸೆದವು. ಬೀಚ್ ಮುಚ್ಚಿ ಜರಡಿ ಹಿಡಿಯಬೇಕಾಯಿತು. ಆಮೇಲೆ ಪೈಪಿನ ಬಾಯಿಗೆ ಜಾಲರಿ ಹಾಕುವುದು ರೂಢಿಯಾಯಿತು.

ಮರಳು ಸುರಿದರಷ್ಟೇ ಸಾಲದು, ಗಾಳಿಗೆ ಹಾರಿಹೋಗುತ್ತದೆ. ದಿಬ್ಬದ ಮೇಲೆ ಕಾಣುವ ಹುಲ್ಲು ಅಮೆರಿಕನ್ ಬೀಚ್‌ಗ್ರಾಸ್. ನೆಡುವ ಕಾಲ ಅಕ್ಟೋಬರ್ ಮಧ್ಯದಿಂದ ಮಾರ್ಚ್ ಕೊನೆ, ಗಿಡ ನಿದ್ದೆಯಲ್ಲಿರುವಾಗ. ಗುಳಿಗೆ ಎರಡು ಕಡ್ಡಿ, 8 ಅಂಗುಲ ಆಳ, ಗುಳಿಯಿಂದ ಗುಳಿಗೆ 18 ಅಂಗುಲ. ಆಳ ಕಡಿಮೆಯಾದರೆ ಬೇರಿಗೆ ತೇವ ಸಿಗದೆ ಒಣಗುತ್ತದೆ. ಮರಳು ಮೇಲೆ ಬಿದ್ದಷ್ಟೂ ಈ ಹುಲ್ಲು ಮೇಲಕ್ಕೆ ಹೊಸ ಬೇರು ಬಿಡುತ್ತದೆ, ಹೂತರೆ ಬೆಳೆಯುತ್ತದೆ. ಆದರೆ ಕಾಲಿನಲ್ಲಿ ತುಳಿದರೆ ಕಾಂಡದ ಬುಡ ಮುರಿದು ಸಾಯುತ್ತದೆ. ಹುಲ್ಲು ಸತ್ತ ಕಾಲುದಾರಿ ತಗ್ಗಾಗುತ್ತದೆ, ಮುಂದಿನ ಬಿರುಗಾಳಿಗೆ ಅಲೆ ಬರುವುದು ಅದೇ ತಗ್ಗಿನಲ್ಲಿ. ದಂಡ ಅದಕ್ಕೆ.

ಹಾಲ್ಗೇಟಿನ ತುದಿ ಫೋರ್ಸೈತ್ ವನ್ಯಜೀವಿ ಧಾಮಕ್ಕೆ ಸೇರಿದ್ದು, ಹಕ್ಕಿ ಗೂಡು ಕಟ್ಟುವ ಏಪ್ರಿಲಿನಿಂದ ಆಗಸ್ಟ್ ಕೊನೆಯವರೆಗೆ ಜನರಿಗೆ ಬಂದ್. ಇಲ್ಲಿ ಸ್ಯಾಂಡಿ ದಿಬ್ಬಗಳನ್ನು ಸವರಿ ಬಯಲು ಮಾಡಿತು. ಪೈಪಿಂಗ್ ಪ್ಲೋವರ್ ಎಂಬ ಅಳಿವಿನಂಚಿನ ಪುಟ್ಟ ಹಕ್ಕಿಗೆ ಬೇಕಾದದ್ದು ಅಂಥ ಬೋಳು ಮರಳೇ. ಬಿರುಗಾಳಿಯ ನಂತರ ಅದರ ಗೂಡುಗಳು ಹೆಚ್ಚಿದವು. ಮನೆ ಇಲ್ಲದ ಕಡೆ ಬಿರುಗಾಳಿ ದ್ವೀಪಕ್ಕೆ ಮಾಡುವುದು ಹಾನಿಯೆಂದು ಹೇಳುವುದೇ ಕಷ್ಟ.

ಸಂಜೆ ಉತ್ತರ ತುದಿಯ ಬಾರ್ನಿಗಟ್ ದೀಪಸ್ತಂಭ ಹತ್ತಬಹುದು, 217 ಮೆಟ್ಟಿಲು. ಅಳಿವೆಯ ಆಚೆ ದಡ ಕೈಗೆಟಕುವಷ್ಟು ಹತ್ತಿರ ಕಾಣುತ್ತದೆ. ರಸ್ತೆಯಲ್ಲಿ ಅಲ್ಲಿಗೆ ಒಂದು ಗಂಟೆಗೂ ಹೆಚ್ಚು.

ಶನಿವಾರ: ಸೀಸೈಡ್ ಹೈಟ್ಸ್‌ನಿಂದ ಮ್ಯಾಂಟೊಲೋಕಿಂಗ್‌ಗೆ

ರೂಟ್ 37ರ ಸೇತುವೆ ಇಳಿದರೆ ಸೀಸೈಡ್ ಹೈಟ್ಸ್. ಸಮುದ್ರದ ಮಧ್ಯೆ ನಿಂತ ರೋಲರ್ ಕೋಸ್ಟರಿನ ಚಿತ್ರ ನೆನಪಿದ್ದರೆ, ಅದು ಇಲ್ಲಿಯದು. ಸಮುದ್ರದೊಳಕ್ಕೆ ಚಾಚಿದ ಕ್ಯಾಸಿನೋ ಪಿಯರ್ ಎಂಬ ಕಟ್ಟೆಯ ತುದಿ ಮುರಿದು, ಸ್ಟಾರ್ ಜೆಟ್ ಎಂಬ ಆ ರೋಲರ್ ಕೋಸ್ಟರ್ ನೀರಿಗಿಳಿಯಿತು, 2013ರ ಮೇ ತಿಂಗಳಲ್ಲಿ ಕಿತ್ತು ತೆಗೆದರು. ಆ ಚಿತ್ರಕ್ಕಿಂತ ಕಲಿಯಬೇಕಾದದ್ದು ಆಮೇಲೆ ನಡೆದದ್ದರಲ್ಲಿದೆ. ಬೇಸಿಗೆಗೆ ಮೊದಲು ಬೋರ್ಡ್‌ವಾಕ್ ಹೊಸದಾಗಿ ಕಟ್ಟಿದರು. ಸೆಪ್ಟೆಂಬರ್ 12ರಂದು ಪಕ್ಕದ ಸೀಸೈಡ್ ಪಾರ್ಕಿನ ಅಂಗಡಿಗಳ ಕೆಳಗೆ ಬೆಂಕಿ ಹೊತ್ತಿ, ಗಾಳಿಗೆ ಉತ್ತರಕ್ಕೆ ಓಡಿ, 50ಕ್ಕೂ ಹೆಚ್ಚು ಅಂಗಡಿ ಸುಟ್ಟವು. ಕಟ್ಟಡದ ಅಡಿಯಲ್ಲಿ ಕೈಗೆಟುಕದ ಜಾಗದಲ್ಲಿದ್ದ ಹಳೆಯ ವಿದ್ಯುತ್ ತಂತಿ ಸ್ಯಾಂಡಿಯ ಉಪ್ಪುನೀರು, ಮರಳಿನಲ್ಲಿ ನೆಂದಿತ್ತೆಂದು ತನಿಖೆ ಹೇಳಿತು. ಬೆಂಕಿ ತಡೆಯಲು ಅಗ್ನಿಶಾಮಕದವರು ಹೊಸ ಬೋರ್ಡ್‌ವಾಕನ್ನೇ ಕಿತ್ತು ಸುಮಾರು 25 ಅಡಿ ಅಗಲದ ಕಂದಕ ಮಾಡಬೇಕಾಯಿತು.

ಸಿಹಿನೀರು ಒಣಗಿದರೆ ಹೋಯಿತು. ಉಪ್ಪುನೀರು ಒಣಗಿದ ಮೇಲೂ ಉಪ್ಪು ಅಲ್ಲೇ ಕೂತು ಗಾಳಿಯ ತೇವ ಹೀರುತ್ತಿರುತ್ತದೆ. ತಾಮ್ರ ಹಸಿರಾಗುತ್ತದೆ, ಕೂಡುಗಳು ಬಿಸಿಯೇರುತ್ತವೆ, ಎರಡು ತಂತಿಗಳ ನಡುವೆ ಕರೆಂಟು ತೆವಳುತ್ತದೆ. ತಿಂಗಳುಗಟ್ಟಲೆ ಏನೂ ಆಗದೆ ಒಂದು ದಿನ ಹೊತ್ತಿಕೊಳ್ಳುತ್ತದೆ. ಹಾಗಾಗಿ ಉಪ್ಪುನೀರಲ್ಲಿ ಮುಳುಗಿದ ಪ್ಯಾನೆಲ್, ಬ್ರೇಕರ್, ಪ್ಲಗ್ ಪಾಯಿಂಟುಗಳನ್ನು ಒಣಗಿಸಿ ಬಳಸುವಂತಿಲ್ಲ, ಬದಲಿಸಲೇಬೇಕು.

ಸೀಸೈಡ್ ಪಾರ್ಕಿನ ದಕ್ಷಿಣಕ್ಕೆ ಮಿಡ್‌ವೇ ಬೀಚ್ ಎಂಬ ಪುಟ್ಟ ಬಂಗಲೆಗಳ ಬಡಾವಣೆಯಿದೆ. ಅಲ್ಲಿಯ ನಿವಾಸಿಗಳ ಸಂಘ ವರ್ಷಗಟ್ಟಲೆ ತಾವೇ ಬೇಲಿ ಹಾಕಿ, ಹುಲ್ಲು ನೆಟ್ಟು ದಿಬ್ಬ ಬೆಳೆಸಿತ್ತು. ಬಂಗಲೆಗಳು ಉಳಿದವು. ಅಲ್ಲಿಂದ ಕೆಲವೇ ಮೈಲಿ ಉತ್ತರದ ಆರ್ಟ್ಲಿ ಬೀಚ್ ಇಡೀ ಟಾಮ್ಸ್ ರಿವರ್ ಪ್ರದೇಶದಲ್ಲಿ ಅತಿ ಹೆಚ್ಚು ನೆಲಸಮವಾದ ಜಾಗ. ಹದಿನೆಂಟನೇ ಶತಮಾನದಲ್ಲಿ ಈ ಭಾಗದಲ್ಲಿ ಕ್ರ್ಯಾನ್‌ಬೆರಿ ಇನ್ಲೆಟ್ ಎಂಬ ಅಳಿವೆಯೇ ಇತ್ತು. 1750ರ ಸುಮಾರಿಗೆ ಬಿರುಗಾಳಿಗೆ ತೆರೆದು 1812ರಲ್ಲಿ ಮುಚ್ಚಿಕೊಂಡಿತು. 1821ರಲ್ಲಿ ಮೈಕೆಲ್ ಆರ್ಟ್ಲಿ ಎಂಬವರು ಅದನ್ನು ಮತ್ತೆ ತೋಡಿಸಲು ಹೋಗಿ ಸೋತರು, ಮರಳು ಬಂದು ತುಂಬಿತು. ಮನುಷ್ಯ ಬೇಕೆಂದಾಗ ತೆರೆಯದ ಅಳಿವೆ ಬೇಡವೆಂದಾಗ ತೆರೆದದ್ದು ಸ್ವಲ್ಪ ಉತ್ತರಕ್ಕೆ, ಮ್ಯಾಂಟೊಲೋಕಿಂಗಿನಲ್ಲಿ.

ಅಳಿವೆ ಎತ್ತಿಂದೆತ್ತ ಸರಿಯುತ್ತದೆಂದು ಕರ್ನಾಟಕದ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮ್ಯಾಂಟೊಲೋಕಿಂಗಿನಲ್ಲಿ ಸಮುದ್ರಕ್ಕೂ ಬಾರ್ನಿಗಟ್ ಹಿನ್ನೀರಿಗೂ ನಡುವೆ ಇರುವುದು ಕೆಲವೇ ಬೀದಿ. ಹಿನ್ನೀರಿನ ಮೇಲಿನ ಸೇತುವೆ ಇಳಿದ ರಸ್ತೆ ನೇರ ಸಮುದ್ರದತ್ತ ಹೋಗುತ್ತದೆ. ರಸ್ತೆ ಮುಗಿಯುವಲ್ಲಿ ದಿಬ್ಬವೂ ತಗ್ಗು. ಸಮುದ್ರ ಉಬ್ಬಿದಾಗ ಹಿನ್ನೀರು ಅಷ್ಟು ಬೇಗ ಉಬ್ಬಲಿಲ್ಲ, ಏಕೆಂದರೆ ಅದಕ್ಕೆ ನೀರು ಬರುವ ಬಾಯಿಗಳು ಕಡಿಮೆ ಮತ್ತು ಕಿರಿದು. ಎರಡು ಬದಿಯ ಮಟ್ಟದಲ್ಲಿ ಅಡಿಗಟ್ಟಲೆ ವ್ಯತ್ಯಾಸ ಬಂತು. ತಗ್ಗಿನಲ್ಲಿ ದಾಟಿದ ನೀರು ಇಳಿಜಾರಿನಲ್ಲಿ ಓಡಿ ಮರಳು ಕೊರೆಯಿತು, ಕೊರೆದಷ್ಟು ನೀರು ಹೆಚ್ಚು ಬಂತು. ಬೆಳಗಾಗುವ ಹೊತ್ತಿಗೆ ರೂಟ್ 35 ತುಂಡಾಗಿ, ರಸ್ತೆಯಿದ್ದಲ್ಲಿ ಕಡಲು ಹರಿಯುತ್ತಿತ್ತು. ಊರಿನ 521 ಮನೆಗಳಲ್ಲಿ ಪೆಟ್ಟು ತಿನ್ನದ್ದು ಒಂದೂ ಇಲ್ಲ. ಒಂದು ಮನೆಯಂತೂ ಇಡಿಯಾಗಿ ತೇಲಿ ಸೇತುವೆಯ ಪಕ್ಕದ ಹಿನ್ನೀರಲ್ಲಿ ತಿಂಗಳುಗಟ್ಟಲೆ ನಿಂತಿತ್ತು.

ಪಕ್ಕದ ಬ್ರಿಕ್ ಪಟ್ಟಣದ ಕ್ಯಾಂಪ್ ಆಸ್ಬೋರ್ನ್‌ನಲ್ಲಿ ಒತ್ತೊತ್ತಾಗಿದ್ದ ಬಂಗಲೆಗಳು ನೀರಿನ ನಡುವೆಯೇ ಸುಟ್ಟುಹೋದವು. ಅಡಿಪಾಯದಿಂದ ಕಿತ್ತ ಮನೆ ಗ್ಯಾಸ್ ಪೈಪನ್ನೂ ಕಿತ್ತುಕೊಂಡು ಹೋಗುತ್ತದೆ; ಸೋರುವ ಗ್ಯಾಸಿಗೆ ಒಂದು ಕಿಡಿ ಸಾಕು, ಅಗ್ನಿಶಾಮಕ ಗಾಡಿ ಬರಲು ರಸ್ತೆಯೇ ಇಲ್ಲ. ಕೊನೆಗೆ ಇಡೀ ದ್ವೀಪದ ಗ್ಯಾಸ್ ನಿಲ್ಲಿಸಿದರು. ನಿಲ್ಲಿಸುವುದು ಸುಲಭ. ಒತ್ತಡ ಇಳಿದ ಪೈಪಿಗೆ ನೀರು ನುಗ್ಗುವುದರಿಂದ ಮತ್ತೆ ಕೊಡುವ ಮುನ್ನ ತುಂಡು ತುಂಡಾಗಿ ಖಾಲಿ ಮಾಡಿ, ಪರೀಕ್ಷಿಸಿ, ಮನೆ ಮನೆಯ ಮೀಟರ್ ಬದಲಿಸಬೇಕು.

ಒಡೆದ ಜಾಗಕ್ಕೆ ಕಲ್ಲು, ಮರಳು, ಉಕ್ಕಿನ ತಗಡು ಹಾಕಿ ಕೆಲವೇ ದಿನಗಳಲ್ಲಿ ಮುಚ್ಚಿದರು. 2014ರಲ್ಲಿ ಬ್ರಿಕ್ ಮತ್ತು ಮ್ಯಾಂಟೊಲೋಕಿಂಗ್ ಉದ್ದಕ್ಕೂ ಸುಮಾರು ನಾಲ್ಕು ಮೈಲಿ ಉಕ್ಕಿನ ಗೋಡೆ ಇಳಿಸಿದರು, 45 ಅಡಿ ಉದ್ದದ ಹಾಳೆಗಳು, ಬಹುಪಾಲು ನೆಲದೊಳಗೆ. ನೋಡಲು ಹೋದವರಿಗೆ ಸಾಮಾನ್ಯವಾಗಿ ಕಾಣುವುದು ಮರಳು, ಹುಲ್ಲು ಅಷ್ಟೇ. ಗೋಡೆ ಕಂಡಿತೆಂದರೆ ಮುಂದಿನ ಮರಳು ಹೋಗಿದೆ ಎಂದರ್ಥ. ಅಲೆ ಗೋಡೆಗೆ ಬಡಿದರೆ ಬುಡದ ಮರಳನ್ನು ಕೆದರಿ ಒಯ್ಯುತ್ತದೆ. ಆದ್ದರಿಂದ ಗೋಡೆ ಕೊನೆಯ ಕಾವಲು, ಅದರ ಮುಂದೆ ದಿಬ್ಬ ಇದ್ದರೆ ಮಾತ್ರ ಅದಕ್ಕೆ ಬೆಲೆ. ಇಲ್ಲಿಯೂ 22 ಅಡಿಯ ದಿಬ್ಬ ಬಂದದ್ದು ಅನುಮತಿಯ ಜಗಳಗಳೆಲ್ಲ ಮುಗಿದ ಮೇಲೆ, ಬಿರುಗಾಳಿ ಕಳೆದು ವರ್ಷಗಳಾಗಿ. ರೂಟ್ 35 ಅನ್ನು 12.5 ಮೈಲಿ ಹೊಸದಾಗಿ ಕಟ್ಟಿ ಮಳೆನೀರಿಗೆ ಪಂಪ್‌ಹೌಸ್ ಇಟ್ಟಿದ್ದಾರೆ, ರಸ್ತೆಬದಿಯಲ್ಲೇ ಕಾಣುತ್ತವೆ.

ಭಾನುವಾರ: ಕಂಬದ ಮೇಲಿನ ಮನೆಗಳು

ಈ ದಿನ ಬೀಚ್ ಬೇಡ. ಟಾಮ್ಸ್ ರಿವರ್, ಬ್ರಿಕ್ ಕಡೆಯ ಹಿನ್ನೀರಿನ ಕಾಲುವೆ ಬಡಾವಣೆಗಳಲ್ಲಿ ನಿಧಾನ ಸುತ್ತಿ. ಹಿಂದಿನ ಶತಮಾನದ ನಡುವಿನಲ್ಲಿ ಜೌಗು ಅಗೆದು, ಆ ಮಣ್ಣನ್ನೇ ಪಕ್ಕಕ್ಕೆ ಹಾಕಿ ಮಾಡಿದ ಸೈಟುಗಳು. ಪ್ರತಿ ಮನೆಯ ಹಿಂದೆ ದೋಣಿ ಕಟ್ಟುವ ಕಟ್ಟೆ. ಒಂದು ಮನೆ ನೆಲಕ್ಕಂಟಿದೆ, ಪಕ್ಕದ್ದು ಒಂಬತ್ತಡಿ ಮೇಲೆ, ಅದರಾಚೆ ಖಾಲಿ ಸೈಟು. ಈ ಏರುಪೇರಿಗೆ ಒಂದು ಲೆಕ್ಕಾಚಾರವಿದೆ.

ನೆರೆ ನಕ್ಷೆಯಲ್ಲಿ ಪ್ರತಿ ಜಾಗಕ್ಕೂ ಒಂದು ಮೂಲ ನೆರೆ ಮಟ್ಟ ಇರುತ್ತದೆ, ಯಾವ ವರ್ಷವಾದರೂ ನೂರಕ್ಕೆ ಒಂದು ಪಾಲು ಸಂಭವವಿರುವ ನೆರೆಯ ಎತ್ತರ. ದುರಸ್ತಿ ಖರ್ಚು ಕಟ್ಟಡದ ಬೆಲೆಯ ಅರ್ಧ ದಾಟಿದರೆ ಹೊಸ ನಿಯಮದಂತೆ ಮನೆಯನ್ನು ಎತ್ತಲೇಬೇಕು. ಅರ್ಧದೊಳಗಿದ್ದರೆ ಹಾಗೇ ದುರಸ್ತಿ ಮಾಡಬಹುದು, ಆದರೆ ನೆರೆ ವಿಮೆಯ ಕಂತು ಏರುತ್ತದೆ. ನೆರೆ ವಿಮೆ ಇದ್ದವರಿಗೆ ಎತ್ತಲು 30,000 ಡಾಲರ್‌ವರೆಗೆ ಹೆಚ್ಚುವರಿ ಸಿಗುತ್ತಿತ್ತು. ರಾಜ್ಯದ ಪುನರ್ನಿರ್ಮಾಣ ಯೋಜನೆಯಲ್ಲಿ 1,50,000ದವರೆಗೆ. ಯಡವಟ್ಟಾದದ್ದು ನಕ್ಷೆಯಲ್ಲಿ. 2012ರ ಡಿಸೆಂಬರಿನಲ್ಲಿ ಬಂದ ತಾತ್ಕಾಲಿಕ ನಕ್ಷೆ ಅಲೆ ಬಡಿಯುವ ವಿ ವಲಯವನ್ನು ಹಿನ್ನೀರಿನ ಒಳಗೆಲ್ಲ ಹಿಗ್ಗಿಸಿತು. ಅಲ್ಲಿ ಕಂಬದ ಅಡಿಪಾಯ ಕಡ್ಡಾಯ. ಆರು ತಿಂಗಳು ಕಳೆದು 2013ರ ಜೂನಿನಲ್ಲಿ ತಿದ್ದಿದ ನಕ್ಷೆಯಲ್ಲಿ ಆ ವಲಯ ಬಹಳಷ್ಟು ಕುಗ್ಗಿ, ಅವೇ ಬೀದಿಗಳು ಎ ವಲಯಕ್ಕೆ ಬಂದವು. ಅಲ್ಲಿ ಸಾದಾ ಬ್ಲಾಕ್ ಗೋಡೆ ಸಾಕು. ಬೇಗ ಕೆಲಸ ಹಿಡಿದ ಚುರುಕಿನವರಿಗೇ ಖರ್ಚು ಹೆಚ್ಚಾಯಿತು.

ಎರಡು ವಲಯದ ನಿಯಮವೂ ಬೇರೆ. ಎ ವಲಯದಲ್ಲಿ ಕೆಳಮಹಡಿಯ ನೆಲದ ಮೇಲ್ಮೈ ಆ ಮಟ್ಟಕ್ಕಿಂತ ಮೇಲಿರಬೇಕು. ವಿ ವಲಯದಲ್ಲಿ ನೆಲವನ್ನು ಹೊರುವ ಅಡ್ಡತೊಲೆಯ ಕೆಳ ಅಂಚೇ ಮೇಲಿರಬೇಕು, ಅಲೆ ತೊಲೆಗೂ ತಾಗಬಾರದು. ಸ್ಯಾಂಡಿಯ ನಂತರ ಇವಕ್ಕೆ ನ್ಯೂಜೆರ್ಸಿ ಒಂದಡಿ ಹೆಚ್ಚುವರಿ ಸೇರಿಸಿತ್ತು.

ಎತ್ತುವ ಕ್ರಮ ಹೀಗೆ. ಮೊದಲು ಗ್ಯಾಸ್, ಕರೆಂಟು, ನೀರು, ಒಳಚರಂಡಿ ಕಡಿದು ಬೇರೆ ಮಾಡುತ್ತಾರೆ. ಅಡಿಪಾಯದ ಗೋಡೆಯಲ್ಲಿ ತೂತು ಹೊಡೆದು ಉದ್ದಕ್ಕೆ ಎರಡು ದಪ್ಪ ಉಕ್ಕಿನ ತೊಲೆ, ಅವುಗಳ ಮೇಲೆ ಅಡ್ಡಕ್ಕೆ ಸಣ್ಣವು ತೂರಿಸುತ್ತಾರೆ. ತೊಲೆಗಳ ಕೆಳಗಿನ ಜಾಕಿಗಳೆಲ್ಲ ಒಂದೇ ಹೈಡ್ರಾಲಿಕ್ ಯಂತ್ರಕ್ಕೆ ಸೇರಿರುತ್ತವೆ. ಭಾರ ಎಲ್ಲಿ ಎಷ್ಟೇ ಇರಲಿ ಪ್ರತಿ ಜಾಕಿಗೂ ಅಷ್ಟೇ ಎಣ್ಣೆ ಹೋಗುವುದರಿಂದ ಎಲ್ಲ ಮೂಲೆಯೂ ಸಮ ಏರುತ್ತದೆ. ಕೈಯಿಂದ ಒಂದೊಂದೇ ಜಾಕಿ ತಿರುಗಿಸಿದರೆ ಒಂದು ಮೂಲೆ ಮುಂದಾಗಿ ಗೋಡೆ ಬಿರಿಯುತ್ತದೆ, ಬಾಗಿಲು ಕೂರುವುದಿಲ್ಲ. ಒಂದಡಿ ಏರಿದೊಡನೆ ದಪ್ಪ ಮರದ ದಿಮ್ಮಿಗಳನ್ನು ಅಡ್ಡ ಉದ್ದ ಜೋಡಿಸಿ ಅಟ್ಟಣೆ ಕಟ್ಟಿ, ಜಾಕಿಯನ್ನು ಮೇಲಕ್ಕೆ ತಂದು ಮತ್ತೆ ಎತ್ತುತ್ತಾರೆ. ಕಷ್ಟ ಕೊಡುವುದು ಇಟ್ಟಿಗೆ ಚಿಮಣಿ, ಆಮೇಲೆ ಸೇರಿಸಿದ ಜಗಲಿ ಮತ್ತು ಕೋಣೆಗಳು. ಅವುಗಳ ಅಡಿಪಾಯ ಬೇರೆ, ಭಾರ ಬೇರೆ. ಕಾಂಕ್ರೀಟ್ ಹಾಸಿನ ಮೇಲೆ ನೇರ ಕಟ್ಟಿದ ಮನೆ ಇನ್ನೂ ಕಷ್ಟ, ಹಾಸಿನ ಸಮೇತ ಎತ್ತಬೇಕು ಅಥವಾ ಹಾಸು ಬಿಟ್ಟು ಹೊಸ ನೆಲ ಮಾಡಬೇಕು.

ಮರದ ಕಂಬ ಬೇಕಿದ್ದರೆ ಇನ್ನೊಂದು ತೊಡಕು: ಮನೆ ಮೇಲಿರುವಾಗ ಕೆಳಗೆ ಕಂಬ ಬಡಿಯಲು ಯಂತ್ರಕ್ಕೆ ತಲೆ ಎತ್ತಲು ಜಾಗವಿಲ್ಲ. ಮನೆಯನ್ನು ಹಳಿಯ ಮೇಲೆ ಪಕ್ಕಕ್ಕೆ ಸರಿಸಬೇಕು. ಸೈಟು ಚಿಕ್ಕದಾದರೆ ನೆಲಕ್ಕೆ ತಿರುಗಿಸಿ ಇಳಿಸುವ ಉಕ್ಕಿನ ತಿರುಪು ಕಂಬ ಹಾಕಬೇಕು, ತುಂಡು ತುಂಡಾಗಿ ಸೇರಿಸಿಕೊಂಡು ಹೋಗಬಹುದು. ಆ ವರ್ಷ ಬೇಡಿಕೆ ಕಂಡು ಅನುಭವವಿಲ್ಲದವರೂ ಈ ಧಂದೆಗೆ ಇಳಿದರು. ಎತ್ತುವಾಗ ಮನೆ ಜಾರಿದ ಪ್ರಸಂಗಗಳು ನಡೆದವು.

ಕೆಳಗಿನ ಜಾಗ ಗ್ಯಾರೇಜು, ಮೆಟ್ಟಿಲು, ಸಾಮಾನಿಗೆ ಮಾತ್ರ. ಅಲ್ಲಿ ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟರೆ ವಿಮೆ ಕೈಕೊಡುತ್ತದೆ. ಬ್ಲಾಕ್ ಗೋಡೆಗಳ ಬುಡದಲ್ಲಿ ಕಾಣುವ ಪುಟ್ಟ ಬಾಗಿಲಿನಂಥವು ನೆರೆ ಕಿಂಡಿಗಳು. ಹೊರಗೆ ಮೂರಡಿ ನೀರು ನಿಂತು ಒಳಗೆ ಖಾಲಿ ಇದ್ದರೆ ಗೋಡೆಯ ಬುಡದಲ್ಲಿ ಚದರಡಿಗೆ 190 ಪೌಂಡಿನಷ್ಟು ಒತ್ತಡ, ಬ್ಲಾಕ್ ಗೋಡೆ ಒಳಕ್ಕೆ ಕುಸಿಯುತ್ತದೆ. ನೀರನ್ನು ಒಳಗೆ ಬಿಟ್ಟರೆ ಎರಡೂ ಬದಿ ಸಮ. ಸುತ್ತುವರಿದ ಒಂದು ಚದರಡಿ ಜಾಗಕ್ಕೆ ಒಂದು ಚದರ ಅಂಗುಲ ಕಿಂಡಿ ಬೇಕು, ಕನಿಷ್ಠ ಎರಡು, ಬೇರೆ ಬೇರೆ ಗೋಡೆಯಲ್ಲಿ, ಕೆಳ ಅಂಚು ನೆಲದಿಂದ ಒಂದಡಿಯೊಳಗೆ. ತಪ್ಪುವುದು ಎಲ್ಲಿ ಎಂದರೆ, ಅಂಗಳಕ್ಕೆ ಹೊಸ ಮಣ್ಣು ಹಾಕಿ ಕಿಂಡಿ ಹೂತುಹಾಕುತ್ತಾರೆ, ಇಲ್ಲವೇ ಚಳಿಗೆಂದು ಒಳಗಿನಿಂದ ಫೋಮ್ ತುಂಬುತ್ತಾರೆ. ಸುತ್ತಿದರೆ ಎರಡೂ ಕಾಣಸಿಗುತ್ತವೆ.

ಒಂಬತ್ತಡಿ ಎತ್ತಿದ ಮನೆಗೆ ಹದಿನಾಲ್ಕರಷ್ಟು ಮೆಟ್ಟಿಲು. ನಿವೃತ್ತರೇ ಹೆಚ್ಚಿರುವ ಬೀದಿಗಳಿವು. ಮಾರಾಟದ ಫಲಕಗಳಿಗೆ ನೆರೆಯಷ್ಟೇ ಮೊಣಕಾಲೂ ಕಾರಣ.

ಸೋಮವಾರ: ಬ್ರಾಡ್ಲಿ ಬೀಚ್, ಸೀ ಬ್ರೈಟ್, ಸ್ಯಾಂಡಿ ಹುಕ್

ಬೆಲ್ಮಾರಿನ ಬೋರ್ಡ್‌ವಾಕ್ ಪೂರ್ತಿ ಹೋಗಿ, 2013ರ ಮೇ ಹೊತ್ತಿಗೆ 1.3 ಮೈಲಿ ಹೊಸದು ಎದ್ದಿತು, ಮರದ ಬದಲು ಮರ ಪ್ಲಾಸ್ಟಿಕ್ ಬೆರೆಸಿದ ಹಲಗೆಯಲ್ಲಿ. ಸ್ವಲ್ಪ ಉತ್ತರದ ಬ್ರಾಡ್ಲಿ ಬೀಚ್ 1990ರ ದಶಕದಲ್ಲೇ ಬೇಲಿ ಹಾಕಿ, ಹುಲ್ಲು ನೆಟ್ಟು ದಿಬ್ಬ ಬೆಳೆಸಿತ್ತು; ಸುಮಾರು 15 ಅಡಿ. ದಿಬ್ಬ ಹೋಯಿತು, ಊರು ಬಹುಮಟ್ಟಿಗೆ ಉಳಿಯಿತು.

ಸೀ ಬ್ರೈಟ್ ಬೇರೆ ತರಹ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಶ್ರೂಸ್‌ಬರಿ ನದಿ, ನಡುವೆ ಒಂದು ಮುಖ್ಯರಸ್ತೆ. ಉದ್ದಕ್ಕೂ ಎತ್ತರದ ಕಲ್ಲುಗೋಡೆ ಇದ್ದರೂ ನಡುನಡುವೆ ಬಿಟ್ಟ ಜಾಗಗಳಿದ್ದವು. ಗೋಡೆಯ ಆ ತೆರವುಗಳಲ್ಲಿ ಬಂದ ನೀರಿಗೆ ನದಿಯ ನೀರೂ ಸೇರಿ, ಒಳಬಂದದ್ದು ಬೇಗ ಹೊರಹೋಗಲಿಲ್ಲ. ಅಲ್ಲಿಂದ ಮುಂದೆ ಸ್ಯಾಂಡಿ ಹುಕ್; ಮಾಪಕ ಕೆಟ್ಟ ಮೇಲೆ ಎಷ್ಟು ಏರಿತೆಂದು ತಿಳಿದದ್ದು ಕರಾವಳಿ ಕಾವಲು ಠಾಣೆಯ ಗೋಡೆಯ ಮೇಲಿನ ಗುರುತಿನಿಂದ, ನೆಲದಿಂದ 8.9 ಅಡಿ. 1764ರ ದೀಪಸ್ತಂಭ ಉಳಿಯಿತು.

ಮಂಗಳವಾರ: ಯೂನಿಯನ್ ಬೀಚ್, ಸೇರ್‌ವಿಲ್, ಹೊಬೋಕನ್

ಸ್ಯಾಂಡಿ ಹುಕ್ ಸುತ್ತಿ ರಾರಿಟನ್ ಕೊಲ್ಲಿಗೆ ಬಂದರೆ ತೆರೆದ ಸಮುದ್ರವಿಲ್ಲ. ಆದರೂ ಯೂನಿಯನ್ ಬೀಚಿನಲ್ಲಿ ಅಲೆಗಳು ಬೀದಿಗಳನ್ನು ಗುಡಿಸಿದವು. ಅರ್ಧ ಕೊಯ್ದಂತೆ ನಿಂತ 1855ರ ಮನೆಯ ಚಿತ್ರ ಈ ಊರಿನದು. ಕೆಲಸಗಾರ ಕುಟುಂಬಗಳ ಊರು, ಬೇಸಿಗೆ ಬಂಗಲೆಗಳಲ್ಲ.

ಸೇರ್‌ವಿಲ್‌ನಲ್ಲಿ ಪರಿಹಾರ ಬೇರೆ: ಮನೆ ಎತ್ತುವುದಲ್ಲ, ತೆಗೆಯುವುದು. ರಾಜ್ಯದ ಬ್ಲೂ ಏಕರ್ಸ್ ಯೋಜನೆ ಬಿರುಗಾಳಿಗೆ ಮುಂಚಿನ ಬೆಲೆ ಕೊಟ್ಟು ಮನೆ ಕೊಂಡು, ಕೆಡವಿ, ಜಾಗವನ್ನು ಶಾಶ್ವತವಾಗಿ ಬಯಲು ಬಿಡುತ್ತದೆ. ಮಾರುವುದು ಮಾಲೀಕರ ಇಚ್ಛೆ. ಒಂದು ಬೀದಿಯಲ್ಲಿ ಎಲ್ಲರೂ ಒಪ್ಪಿದರೆ ರಸ್ತೆ, ಪೈಪು, ದೀಪವೂ ಬೇಡ. ಒಬ್ಬರು ಉಳಿದರೂ ಎಲ್ಲ ಬೇಕು. ಹುಲ್ಲು ಬೆಳೆದ ಬೀದಿಯಲ್ಲಿ ಪಾದಚಾರಿ ಅಂಚು ಮಾತ್ರ ಉಳಿದಿರುವುದನ್ನು ನೋಡಬಹುದು.

ಇಲ್ಲಿಂದ ಎಡಿಸನ್ ಹತ್ತಿರ, ಕನ್ನಡದ ಮನೆಗಳು ಬಹಳ ಇರುವ ಕಡೆ. ಕಡಲು ದೂರ, ನೀರು ಬರಲಿಲ್ಲ. ಆದರೆ ಕರೆಂಟು ದಿನಗಟ್ಟಲೆ ಹೋಯಿತು. ಬಂಕಿನಲ್ಲಿ ಪೆಟ್ರೋಲ್ ಇದ್ದರೂ ಪಂಪ್ ಓಡಿಸಲು ವಿದ್ಯುತ್ ಇರಲಿಲ್ಲ. ನವೆಂಬರ್ 3ರಿಂದ ಈ ಜಿಲ್ಲೆಯೂ ಸೇರಿ 12 ಜಿಲ್ಲೆಗಳಲ್ಲಿ ನಂಬರ್ ಪ್ಲೇಟಿನ ಸಮ ಬೆಸ ಅಂಕಿ ನೋಡಿ ಪೆಟ್ರೋಲ್ ಕೊಟ್ಟರು. ಅಮೆರಿಕದಲ್ಲಿ ಸ್ಯಾಂಡಿಯಿಂದ ನೇರವಾಗಿ ಸತ್ತವರು 72. ಪರೋಕ್ಷವಾಗಿ ಇನ್ನೂ 87, ಅವರಲ್ಲಿ ಸುಮಾರು 50 ಮಂದಿ ಕರೆಂಟಿಲ್ಲದ ಕಾರಣಕ್ಕೆ: ಚಳಿ, ಕತ್ತಲಲ್ಲಿ ಬಿದ್ದದ್ದು, ಮನೆಯೊಳಗೋ ಗ್ಯಾರೇಜಿನಲ್ಲೋ ಓಡಿಸಿದ ಜನರೇಟರಿನ ಕಾರ್ಬನ್ ಮೊನಾಕ್ಸೈಡ್. ಜನರೇಟರ್ ಯಾವತ್ತೂ ಹೊರಗೆ, ಕಿಟಕಿ ಬಾಗಿಲಿಂದ 20 ಅಡಿ ದೂರ ಇರಬೇಕು.

ಕೊನೆಗೆ ಹೊಬೋಕನ್. ನಡುವೆ ತಗ್ಗಿರುವ, ಅಂಚು ಎತ್ತರವಿರುವ ಬೋಗುಣಿಯಂಥ ಊರು. ಹಡ್ಸನ್ ನದಿ ದಕ್ಷಿಣ ಮತ್ತು ಉತ್ತರದ ತಗ್ಗುಗಳಿಂದ ಒಳಬಂದು ಸುಮಾರು 50 ಕೋಟಿ ಗ್ಯಾಲನ್ ನೀರು ತುಂಬಿತು. ನ್ಯೂಯಾರ್ಕಿಗೆ ಹೋಗುವ ಪಾಥ್ ರೈಲಿನ ಸುರಂಗ ನಿಲ್ದಾಣಕ್ಕೆ ಲಿಫ್ಟಿನ ಗುಂಡಿಯಿಂದ ನೀರು ಸುರಿಯಿತು. ಹೊಬೋಕನ್ ರೈಲು ಮತ್ತೆ ಓಡಿದ್ದು ಡಿಸೆಂಬರ್ 19ಕ್ಕೆ. ಸುರಂಗದ ಸಿಗ್ನಲ್ ಪೆಟ್ಟಿಗೆಗಳನ್ನು ಉಪ್ಪು ವರ್ಷಗಟ್ಟಲೆ ತಿನ್ನುತ್ತಲೇ ಹೋಯಿತು.

23 ಕೋಟಿ ಡಾಲರಿನ ಕೇಂದ್ರ ನೆರವಿನಲ್ಲಿ ಊರಿನ ತಗ್ಗಿನ ಬಾಯಿಗಳಿಗೆ ಗೋಡೆ ಮತ್ತು ಗೇಟು. 2023ರಲ್ಲಿ ತೆರೆದ ಐದು ಎಕರೆ ರೆಸಿಲಿಯನ್‌ಸಿಟಿ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಆಟದ ಮೈದಾನದ ಕೆಳಗಿನ ತೊಟ್ಟಿ ಮತ್ತು ಮೇಲಿನ ತಗ್ಗುಗಳು ಸೇರಿ 20 ಲಕ್ಷ ಗ್ಯಾಲನಿನಷ್ಟು ಮಳೆನೀರು ಹಿಡಿಯುತ್ತವೆ. ಇದು ನದಿಯ ನೆರೆಗಲ್ಲ, ಮಳೆಗೆ. ಊರಿನ ಮಳೆನೀರು ಮತ್ತು ಒಳಚರಂಡಿ ಒಂದೇ ಕೊಳವೆಯಲ್ಲಿ ಹೋಗುತ್ತವೆ. ನದಿ ಉಬ್ಬಿದಾಗ ಆ ಕೊಳವೆಯ ಬಾಯಿ ಮುಳುಗಿ ನೀರು ತಾನಾಗಿ ಇಳಿಯುವುದಿಲ್ಲ, ಪಂಪ್ ತಳ್ಳಬೇಕು. ಮಳೆಯೂ ಉಬ್ಬರವೂ ಒಟ್ಟಿಗೆ ಬಂದ ದಿನ ತಗ್ಗಿನ ಬೀದಿಗಳಲ್ಲಿ ಮ್ಯಾನ್‌ಹೋಲಿನಿಂದ ಮೇಲೆ ಬರುವುದು ಬರೀ ಮಳೆನೀರಲ್ಲ. ಪಾರ್ಕಿಂಗಿಗೆ ಪಶ್ಚಿಮದ ಬೀದಿಗಳನ್ನು ಹಿಡಿಯುವ ಮುನ್ನ ಹವಾಮಾನ ಮತ್ತು ಉಬ್ಬರದ ಹೊತ್ತು ನೋಡಿಕೊಳ್ಳಿ.